ಮೊಸರು ಒಳ್ಳೇದೇ, ಆದ್ರೆ...

ಮೊನ್ನೆ ಶುಕ್ರವಾರ ಹೊಟ್ಟೆ ಪೂರ್ತಿ ಕೈ ಕೊಟ್ಟಿತ್ತು. ಹಿಂದಿನ ರಾತ್ರಿ ಹೊರಗೆ ತಿಂದ ಶವರ್ಮಾದ ಕೃಪೆ! ಊರಿಗೆ ಫೋನ್ ಮಾಡಿದ್ರೆ ಅಮ್ಮನದು ಅದೇ ಹಳೇ ಮಾತು, "ಮೊಸರನ್ನ ತಿನ್ನೋ, ಸರಿ ಹೋಗುತ್ತೆ." ಉಮ್ಮ್ ಸಲಾಲ್‌ನಲ್ಲಿ ಮೊಸರಿಗೇನು ಬರ? 2017ರಲ್ಲಿ ಗಡಿ ಮುಚ್ಚಿ ಸೌದಿ ಹಾಲು ನಿಂತಾಗ ವಿಮಾನದಲ್ಲಿ ಹಸು ತರಿಸಿಕೊಂಡ ದೇಶ ಸ್ವಾಮಿ ಇದು. ಮೊಸರನ್ನ ಉಂಡು ನಿಶ್ಚಿಂತೆಯಾಗಿ ಮಲಗಿದೆ. ನೀರು ಕುಡಿಯೋದು ಮಾತ್ರ ಮರೆತೇ ಹೋಯ್ತು. ಸಂಜೆ ಎದ್ದು ನಿಂತರೆ ಕಣ್ಣು ಕತ್ತಲೆ. ರೂಮ್‌ಮೇಟ್ ಓಆರ್‌ಎಸ್ ಕಲಸಿ ಕುಡಿಸಿದ ಮೇಲೆ ಜೀವ ಬಂತು.

ಮಲಗಿದ್ದಲ್ಲೇ ಲ್ಯಾಪ್‌ಟಾಪ್ ತೆಗೆದು ಓದತೊಡಗಿದೆ. ಅಮ್ಮ ಅರ್ಧ ಸರಿ ಅನ್ನಿಸಿತು. ಉಳಿದರ್ಧದ ಬಗ್ಗೆ ಈ ಬರಹ.

ಸಾಲ್ಮೊನೆಲ್ಲಾದಂಥ ಕ್ರಿಮಿ ಕರುಳಿಗೆ ನುಗ್ಗಿದರೆ ನಮ್ಮ ಬಿಳಿ ರಕ್ತಕಣಗಳು ಓಡಿ ಬಂದು ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಉಗ್ರ ರಾಸಾಯನಿಕಗಳನ್ನ ಸುರಿಯುತ್ತವೆ. ಕ್ರಿಮಿಗಳು ಸಾಯುತ್ತವೆ, ನಿಜ. ಜೊತೆಗೆ ಕರುಳಿನ ಒಳಪದರದ ನಮ್ಮದೇ ಜೀವಕೋಶಗಳಿಗೂ ಪೆಟ್ಟು. ಆಂಟಿವೈರಸ್ ಹಾಕಿದ್ರೆ ಅದು ವಿಂಡೋಸ್ ಫೈಲುಗಳನ್ನೇ ಅಳಿಸಿದ ಹಾಗೆ :) ಇನ್ನೂ ವಿಚಿತ್ರ ಕೇಳಿ. ಈ ಉರಿಯಿಂದ ಕರುಳಲ್ಲಿ ಟೆಟ್ರಾಥಯೋನೇಟ್ ಅನ್ನೋ ವಸ್ತು ಹುಟ್ಟುತ್ತೆ. ಅದನ್ನ ಬಳಸಿ ಉಸಿರಾಡುತ್ತಾ ಸಾಲ್ಮೊನೆಲ್ಲಾ ಉಳಿದ ಬ್ಯಾಕ್ಟೀರಿಯಾಗಳನ್ನ ಹಿಂದೆ ಹಾಕುತ್ತೆ ಅಂತ 2010ರಲ್ಲೇ ಸಂಶೋಧಕರು ಇಲಿಗಳಲ್ಲಿ ತೋರಿಸಿದ್ದಾರೆ. ನಾವು ಹಚ್ಚಿದ ಬೆಂಕಿಯಲ್ಲಿ ಕಳ್ಳ ಚಳಿ ಕಾಯಿಸಿಕೊಂಡಂತೆ!

ಒಳ್ಳೇ ಬ್ಯಾಕ್ಟೀರಿಯಾಗಳ ಕೆಲಸ ಬರೋದು ಇಲ್ಲೇ. ಕೆಲವು ಆಮ್ಲ ಬಿಟ್ಟು ಕ್ರಿಮಿಗೆ ಜಾಗ ಸಿಗದ ಹಾಗೆ ಮಾಡುತ್ತವೆ. ಕೆಲವು ಕರುಳಿನ ಕೋಶಗಳನ್ನ ಎಚ್ಚರಿಸಿ, ಅವುಗಳೇ ಹೆಚ್ಚು ಗ್ಲುಟಾಥಯೋನ್ ತಯಾರಿಸಿ ಉರಿ ತಡೆದುಕೊಳ್ಳುವಂತೆ ಮಾಡುತ್ತವೆ. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟೇರಮ್ ಅಂತೂ ತನ್ನೊಳಗೆ ಮ್ಯಾಂಗನೀಸ್ ತುಂಬಿಕೊಂಡು ಸೂಪರಾಕ್ಸೈಡನ್ನ ಅರಗಿಸಿಕೊಳ್ಳುತ್ತೆ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಜಾಹೀರಾತಿನವರು ಹಿಡಿದುಕೊಳ್ಳೋದೂ ಇದನ್ನೇ. ಆದ್ರೆ ಇದರಲ್ಲಿ ಹೆಚ್ಚಿನದು ಗಾಜಿನ ತಟ್ಟೆಯಲ್ಲಿ, ಇಲಿಗಳಲ್ಲಿ ಕಂಡದ್ದು. ಮನುಷ್ಯರಲ್ಲಿ ಏನಾಯ್ತು? ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯ್ತು. ಒಂದು ಗುಂಪಿಗೆ ಪ್ಲಾಂಟೇರಮ್‌ನ ಒಂದು ನಿರ್ದಿಷ್ಟ ತಳಿ ಕೊಟ್ಟಿದ್ರು. ರಕ್ತಕ್ಕೆ ಸೋಂಕು ಏರೋದು ಅಥವಾ ಸಾವು, ಎರಡೂ ಸೇರಿ, ಬರೀ ಹುಸಿ ಮದ್ದು ಕೊಟ್ಟವರಲ್ಲಿ ಶೇ. 9 ಇದ್ದದ್ದು ಇವರಲ್ಲಿ ಶೇ. 5.4. ಮರುವರ್ಷ, 2018ರಲ್ಲಿ, ಅಮೆರಿಕದಲ್ಲಿ ವಾಂತಿಭೇದಿಯ 971 ಮಕ್ಕಳ ಮೇಲೆ ಹೆಸರಾಂತ ಇನ್ನೊಂದು ತಳಿ ಪರೀಕ್ಷಿಸಿದ್ರೆ, ಹುಸಿ ಮದ್ದಿಗಿಂತ ಏನೂ ಮೇಲಾಗಲಿಲ್ಲ.

ಅಂದ್ರೆ ತಳಿ, ಪ್ರಮಾಣ, ರೋಗ ಮೂರೂ ಕೂಡಿ ಬರಬೇಕು. ಮನೆ ಮೊಸರಿನ ಹೆಪ್ಪಿನಲ್ಲಿ ಯಾವ ತಳಿ ಇದೆಯೋ ದೇವರೇ ಬಲ್ಲ. ಇನ್ನು ಕುದಿಸಿದ ಮಜ್ಜಿಗೆ ಹುಳೀಲಿ ಜೀವಂತ ಬ್ಯಾಕ್ಟೀರಿಯಾ ಎಲ್ಲಿಂದ ಬರಬೇಕು? ಮೊಸರು ಬೇಡ ಅಂತಲ್ಲ, ನಾನು ಬಿಡೋನೂ ಅಲ್ಲ. ಅದು ಊಟ, ಮದ್ದಲ್ಲ. ಕ್ಯಾಪ್ಸೂಲ್ ಡಬ್ಬಿ ಮೇಲೆ ತಳಿಯ ಪೂರ್ತಿ ಹೆಸರಿಲ್ಲದೆ ಬರೀ "ಪ್ರೋಬಯಾಟಿಕ್" ಅಂತಿದ್ರೆ ನಿಮ್ಮ ರಿಯಾಲ್ ಜೇಬಲ್ಲೇ ಇರಲಿ.

ಬೇಸಿಗೆಯಲ್ಲಿ ನಲವತ್ತು ದಾಟೋ ಈ ಊರಲ್ಲಿ ಒಂಟಿ ಹುಡುಗರು ನಾವು. ಹೊಟ್ಟೆ ಕೆಟ್ಟರೆ ಕರುಳಿನ ಉರಿಗಿಂತ ಮೊದಲು ಕೆಡವೋದು ನೀರಿನ ಕೊರತೆ. ಅಂಗಡಿಯ ಓಆರ್‌ಎಸ್ ಸಿಗದಿದ್ರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎಲ್ಲಾ ಮಟ್ಟಸವಾಗಿ. ರಕ್ತ ಕಂಡ್ರೆ, ಜ್ವರ ಏರಿದ್ರೆ, ಮೂತ್ರ ಕಮ್ಮಿಯಾದ್ರೆ ಸೀದಾ ಡಾಕ್ಟರ್ ಹತ್ರ.

ಇದನ್ನೆಲ್ಲಾ ಅಮ್ಮನಿಗೆ ಹೇಳಿದೆ. "ಸರಿ ಕಣೋ, ಉಪ್ಪು ಸಕ್ಕರೆ ನೀರು ಕುಡಿ. ಆಮೇಲೆ ಮೊಸರನ್ನ ತಿನ್ನು," ಅಂದ್ರು. ಈ ಸಲ ಕ್ರಮ ಸರಿಯಾಗಿತ್ತು. ಏನಂತೀರಿ?