ಕರಿಯನ ಕಿವಿ

ಯುಗಾದಿಗೆ ಊರಿಗಾಂಗೆ ಹೋಗಿದ್ದೆ. ಗೇಟಿನ ಸದ್ದಾದ್ರೆ ಸಾಕು, ಓಡಿ ಬಂದು ಮೈಮೇಲೆ ಬೀಳೋ ನಮ್ಮ ನಾಯಿ ಕರಿಯ ಈ ಸಲ ಮಂಚದ ಕೆಳಗೇ ಮಲಗಿದ್ದ. ಬಾಲ ಮಾತ್ರ ಸ್ವಲ್ಪ ಅಲ್ಲಾಡಿಸಿದ.

"ಬಿಸಿಲು ಕಣೋ, ಎರಡು ದಿನದಿಂದ ಸರಿಯಾಗಿ ತಿಂದಿಲ್ಲ" ಅಂದ್ರು ಅಮ್ಮ. ಇರಬಹುದು ಅಂದ್ಕೊಂಡು ಹೋಳಿಗೆ ತಿಂದು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದ್ರೆ ಅವನ ಮೂಗಲ್ಲಿ ರಕ್ತ!

ನಮ್ಮೂರಲ್ಲಿ ನಾಯಿ ಸಾಕಿದವರಿಗೆ ಬೇಸಿಗೆ ಶುರುವಾದ್ರೆ ಎರಡು ಭಯ. ಒಂದು ಹಾವು, ಇನ್ನೊಂದು ಸೈನೈಡ್ ಗುಡ್ಡ. ಗಣಿ 2001ರಲ್ಲೇ ಮುಚ್ಚಿದ್ರೂ ಗುಡ್ಡಗಳು ಅಲ್ಲೇ ಇವೆ, ಗಾಳಿಗೆ ಧೂಳು ಏಳುತ್ತೆ. ಅಮ್ಮ ಕರಿಯನನ್ನ ಆ ಕಡೆ ಬಿಡೋದೇ ಇಲ್ಲ. ಆದ್ರೆ ಅಪಾಯ ಇದ್ದಿದ್ದು ನಮ್ಮ ಮನೆ ಗೋಡೆ ಬಿರುಕಲ್ಲಿ.

ಡಾಕ್ಟರು ಅವನ ಕಿವಿ ಮಡಚಿ ತೋರಿಸಿದ್ರು. ರಕ್ತ ಕುಡಿದು ಉಬ್ಬಿದ ಉಣ್ಣೆ ಹುಳಗಳು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಕಡಿಮೆ. ಟಿಕ್ ಫೀವರ್.

ಈ ಹುಳ ಬಿಸಿಲು ಏರಿದ ಹಾಗೆ ಬೇಗ ಬೇಗ ಬೆಳೆಯುತ್ತೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತೆ, ಅದೂ ನಾಯಿ ಮೈಮೇಲಲ್ಲ, ಗೋಡೆ ಸಂದಿಯಲ್ಲಿ, ನಾಯಿ ಮಲಗೋ ಜಾಗದ ಸುತ್ತಮುತ್ತ. ನಾವು ನಾಯಿಗೆ ಸೋಪು ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಬಗ್ ಒಂದು ಕಡೆ, ಫಿಕ್ಸ್ ಇನ್ನೊಂದು ಕಡೆ :)

ಅದಕ್ಕೇ ನಾನು ಹೇಳೋದು, ದೊಡ್ಡ ಭಯಗಳ ಮಧ್ಯೆ ಸಣ್ಣದನ್ನ ಮರೀಬೇಡಿ. ಫೆಬ್ರವರಿ ಮುಗಿಯೋದ್ರೊಳಗೆ ಗೋಡೆ ಬಿರುಕು ಮುಚ್ಚಿಸಿ. ಹಳೇ ಗೋಣಿಚೀಲ ಎಸೆದುಬಿಡಿ. ಕಿವಿ, ಬೆರಳ ಸಂದಿ ದಿನಾ ನೋಡಿ. ಸೀಮೆಎಣ್ಣೆ ಹಚ್ಚೋದು, ದನದ ಔಷಧಿ ಅಂದಾಜಿಗೆ ಸುರಿಯೋದು ಬೇಡ, ಡಾಕ್ಟರನ್ನ ಕೇಳಿ. ನಾಯಿಗೆ ಕೊಟ್ಟ ಔಷಧಿಯನ್ನ ಬೆಕ್ಕಿಗಂತೂ ಹಚ್ಚಲೇಬೇಡಿ, ಪರ್ಮೆತ್ರಿನ್ ಇದ್ರೆ ಬೆಕ್ಕು ಸತ್ತೇ ಹೋಗಬಹುದು. ಎಲ್ಲಕ್ಕಿಂತ ಮುಖ್ಯ, ನಾಯಿ ಊಟ ಬಿಟ್ರೆ "ಬಿಸಿಲು" ಅಂತ ಸುಮ್ಮನಾಗಬೇಡಿ.

ಕರಿಯನಿಗೆ ನಾಲ್ಕು ವಾರ ಡಾಕ್ಸಿಸೈಕ್ಲಿನ್. ಅಮ್ಮ ಅನ್ನದ ಉಂಡೆಯಲ್ಲಿ ಮಾತ್ರೆ ಬಚ್ಚಿಟ್ಟು ತಿನ್ನಿಸ್ತಿದ್ದಾರೆ. ನಿನ್ನೆ ಫೋನಲ್ಲಿ, "ಇವತ್ತು ಪಕ್ಕದ್ಮನೆ ಬೆಕ್ಕನ್ನ ಓಡಿಸಿದ ಕಣೋ" ಅಂದ್ರು. ಬೆಕ್ಕಿನ ಬಗ್ಗೆ ಪಾಪ ಅನ್ನಿಸಲಿಲ್ಲ, ಕ್ಷಮಿಸಿ :) ಆದ್ರೂ ಆ ರಾತ್ರಿ ಹೋಳಿಗೆ ತಿಂದು ಮಲಗಿದ್ದು ಇನ್ನೂ ಚುಚ್ಚುತ್ತೆ.

ನಿಮ್ಮನೇಲೂ ನಾಯಿ ಇದ್ಯಾ? ಹಾಗಾದ್ರೆ ಮೊದಲು ಹೋಗಿ ಅದರ ಕಿವಿ ನೋಡಿ ಬನ್ನಿ. ಕಾಮೆಂಟು ಆಮೇಲೆ ಬರೆದರಾಯ್ತು.