ದಾಳ ಉರುಳುವ ಮುನ್ನ

ತಾಳಮದ್ದಳೆಯಲ್ಲಿ ಎದುರು ಅರ್ಥಧಾರಿ ಪ್ರಸಂಗದಲ್ಲಿಲ್ಲದ ಪ್ರಶ್ನೆಯೊಂದನ್ನು ಎತ್ತಿದಾಗ ಸಭೆ ಚುರುಕಾಗುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ, 1974ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟದಲ್ಲೂ ಅಂಥ ಗಳಿಗೆ ಒದಗುವುದುಂಟು. ಅಲ್ಲಿ ಆಟಗಾರರು ಒಂದೊಂದು ಪಾತ್ರ ವಹಿಸಿ ಮಾತಿನಲ್ಲೇ ಕಥೆ ನಡೆಸುವರು, ಸಂದೇಹದ ಕಾರ್ಯಗಳ ಫಲವನ್ನು ಇಪ್ಪತ್ತು ಮುಖದ ದಾಳ ನಿರ್ಣಯಿಸುವುದು, ತೀರ್ಪು ನಿರ್ವಾಹಕನದು.

ಒಬ್ಬಾತ, “ತೂಗುದೀಪದ ಸರಪಳಿ ಹಿಡಿದು ಜೀಕಿ ಶತ್ರುವನ್ನು ಒದೆಯುತ್ತೇನೆ” ಎಂದನೆನ್ನಿ. ನಿಯಮದ ಪುಸ್ತಕದಲ್ಲಿ ಅಂಥ ಒದೆತಕ್ಕೆ ಪ್ರತ್ಯೇಕ ವಿಧಿಯಿಲ್ಲ. ಕೂಡದೆಂದು ತಡೆದರೆ ಕಲ್ಪನೆ ಬಾಡುತ್ತದೆ. ಪುಕ್ಕಟೆಯಾಗಿ ಒಪ್ಪಿದರೆ, ಪಕ್ಕದಲ್ಲಿ ಕ್ರಮ ತಪ್ಪದೆ ಕತ್ತಿ ಬೀಸುತ್ತಿರುವ ಮಿತಭಾಷಿಯ ಆಟ ಬೆಲೆಗೆಡುತ್ತದೆ. ಮುಂದೆ ವಾಚಾಳಿಯೇ ಗೆಲ್ಲುವನು.

ಆದ್ದರಿಂದ ಸಾಹಸಕ್ಕೆ ಬೆಲೆ ಕಟ್ಟಬೇಕು. ಐದನೆಯ ಆವೃತ್ತಿಯ ಅಳತೆಯಲ್ಲಿ ಸುಲಭ ಕಾರ್ಯಕ್ಕೆ 10, ಮಧ್ಯಮಕ್ಕೆ 15, ಕಠಿಣಕ್ಕೆ 20. ದಾಳದ ಅಂಕೆಗೆ ಪಾತ್ರದ ಸಾಮರ್ಥ್ಯದ ಅಂಕೆ ಕೂಡಿ ಅಷ್ಟನ್ನು ಮುಟ್ಟಬೇಕು. ಗೆದ್ದರೆ ಶತ್ರು ನೆಲಕ್ಕೆ ಬೀಳುವನು, ಸೋತರೆ ಸಾಹಸಿಯೇ ಬೀಳುವನು ಎಂಬುದನ್ನು ದಾಳ ಕೈಬಿಡುವ ಮೊದಲೇ ಸಾರಬೇಕು. ಅದನ್ನು ಕೇಳಿ ಹಿಂದೆಗೆಯುವ ಅವಕಾಶವೂ ಆಟಗಾರನಿಗಿರಬೇಕು. ನಾಳೆ ಆ ಮಿತಭಾಷಿ ಸರಪಳಿ ಹಿಡಿದರೂ ಅದೇ ಅಳತೆ ಸಲ್ಲಬೇಕು.

ಅರ್ಥಧಾರಿ ಎಷ್ಟೇ ದೂರ ಸಾಗಿದರೂ ಭಾಗವತ ಮುಂದಿನ ಪದ್ಯವನ್ನೆತ್ತಿ ಪ್ರಸಂಗವನ್ನು ದಾರಿಗೆ ತರುತ್ತಾನೆ. ನಿರ್ವಾಹಕನಿಗೂ ಬೇಕಾದುದು ಆ ವಿವೇಕವೇ: ಮಾತುಗಾರನನ್ನು ಕುಗ್ಗಿಸದೆ, ಮೌನಿಯನ್ನು ಮರೆಯದೆ ಕಥೆಯನ್ನು ಮುನ್ನಡೆಸುವುದು.