ಗುರಿ ಇಟ್ಟವನೇ ಹೊಣೆಗಾರ

ಬೆಂಗಳೂರಿನಲ್ಲಿ ಬೆಳೆದು, ಹನ್ನೊಂದು ವರ್ಷಗಳೊಳಗಾಗಿ 2,200 ಕೋಟಿ ಡಾಲರುಗಳ ಮೌಲ್ಯವುಳ್ಳದ್ದೆಂದು ಎಣಿಸಲ್ಪಟ್ಟು, ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೂ 2022ರ ವಿಶ್ವಕಪ್ ಫುಟ್‌ಬಾಲಿನ ಮೈದಾನಗಳಲ್ಲೂ ತನ್ನ ಹೆಸರನ್ನು ಮೆರೆಸಿದ, ಆನ್‌ಲೈನ್ ಪಾಠಗಳನ್ನು ಮಾರುತ್ತಿದ್ದ ಬೈಜೂಸ್ ಸಂಸ್ಥೆಯು, ಕ್ರಿಕೆಟ್ ಮಂಡಳಿಗೆ ಸಲ್ಲಬೇಕಾಗಿದ್ದ ಸುಮಾರು 158 ಕೋಟಿ ರೂಪಾಯಿಗಳ ಬಾಕಿಯ ನಿಮಿತ್ತವಾಗಿ, 2024ರ ಜುಲೈ 16ರಂದು ಅದೇ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಆದೇಶದಂತೆ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಮೇಲ್ಮನವಿಯಲ್ಲಿ ಮಾನ್ಯವಾಗಿದ್ದ, ಕ್ರಿಕೆಟ್ ಮಂಡಳಿಯೊಡನೆಯ ರಾಜಿಯನ್ನು ಸುಪ್ರೀಂ ಕೋರ್ಟು ಅದೇ ವರ್ಷದ ಅಕ್ಟೋಬರಿನಲ್ಲಿ ರದ್ದುಮಾಡಿತು. ಈ ಪತನದ ವಿಚಾರವಾಗಿ ನಮ್ಮ ಉದ್ಯಮವಲಯದಲ್ಲಿ ಎರಡು ಮಾತುಗಳು ಬಳಕೆಯಲ್ಲಿವೆ. ಸಾಹಸವೆಂದ ಮೇಲೆ ಸೋಲು ಸಹಜ, ಕೋವಿಡ್ ಕಾಲದ ಅನುಕೂಲ ಕಳೆದು ಬಂಡವಾಳ ಬತ್ತಿದ್ದರಿಂದ ಹೀಗಾಯಿತೇ ಹೊರತು ಇದರಲ್ಲಿ ನೀತಿಯ ಪ್ರಶ್ನೆಯೇನೂ ಇಲ್ಲವೆಂಬುದು ಒಂದು. ಇದು ಒಬ್ಬಾತನ ಅತ್ಯಾಸೆಯ ಫಲ, ಮಿಕ್ಕವರೆಲ್ಲರೂ ನಿರ್ದೋಷಿಗಳೆಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ.

ನನ್ನ ಪಕ್ಷವನ್ನು ಆರಂಭದಲ್ಲಿಯೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ವ್ಯಾಪಾರದಲ್ಲಿ ಧರ್ಮಾಧರ್ಮಗಳ ನಿರ್ಣಯವಾಗುವುದು ಹಗರಣ ಬಯಲಾದ ದಿನದಲ್ಲಲ್ಲ. ಈ ತ್ರೈಮಾಸಿಕದಲ್ಲಿ ಇಷ್ಟು ಮಾರಲೇಬೇಕು, ಮುಂದಿನ ವರ್ಷ ಇಷ್ಟು ಬೆಳೆಯಲೇಬೇಕು ಎಂಬ ಸಂಖ್ಯೆಯನ್ನು ಆಡಳಿತ ಮಂಡಲಿಯ ಮೇಜಿನ ಮುಂದೆ ಕುಳಿತು ನಿಶ್ಚಯಿಸಿದ ದಿನದಲ್ಲಿಯೇ ಆ ನಿರ್ಣಯವು ಆಗಿಹೋಗಿರುತ್ತದೆ. ಆದುದರಿಂದ ಆ ಸಂಖ್ಯೆಯನ್ನು ಮುಟ್ಟುವುದಕ್ಕಾಗಿ ಕೆಳಗಿನವರು ಯಾವ ದಾರಿ ಹಿಡಿದರೂ, ಅದರ ಮೊದಲ ಹೊಣೆ ಸಂಖ್ಯೆಯನ್ನು ಇಟ್ಟವರದು, ಮತ್ತು ಅದನ್ನು ಕಂಡು ಚಪ್ಪಾಳೆ ತಟ್ಟಿ ಹಣ ಹೂಡಿದವರದು.

ಸಂಸ್ಥಾಪಕರಾದ ಬೈಜು ರವೀಂದ್ರನ್ ಅವರ ಬಗ್ಗೆ ನ್ಯಾಯವಾಗಿ ಹೇಳಬೇಕಾದುದನ್ನು ಹೇಳಿಯೇ ಮುಂದುವರಿಯಬೇಕು. ಕೇರಳದ ಕಣ್ಣೂರು ಜಿಲ್ಲೆಯ ಶಿಕ್ಷಕ ದಂಪತಿಗಳ ಮಗನಾಗಿ ಹುಟ್ಟಿ, ಇಂಜಿನಿಯರಾಗಿ ದುಡಿದು, ಪ್ರವೇಶ ಪರೀಕ್ಷೆಗಳಿಗೆ ಗಣಿತ ಹೇಳಿಕೊಡುತ್ತ ಕ್ರೀಡಾಂಗಣಗಳು ತುಂಬುವಷ್ಟು ವಿದ್ಯಾರ್ಥಿಗಳನ್ನು ಸೆಳೆದ ಅವರ ಬೋಧನಶಕ್ತಿ ಸಾಮಾನ್ಯವಾದುದಲ್ಲ. ಸಾಲ ಕೊಟ್ಟವರೊಡನೆ ಅಮೆರಿಕದಲ್ಲಿಯೂ ಇಲ್ಲಿಯೂ ನಡೆದಿರುವ ವ್ಯಾಜ್ಯಗಳಲ್ಲಿ ತಾವು ವಂಚನೆ ಮಾಡಿಲ್ಲವೆಂದೇ ಅವರು ವಾದಿಸುತ್ತ ಬಂದಿದ್ದಾರೆ. ಆ ತೀರ್ಮಾನ ನ್ಯಾಯಾಲಯಗಳಿಗೆ ಬಿಟ್ಟದ್ದು. ನನ್ನ ಆಕ್ಷೇಪಣೆಗೆ ಅಪರಾಧದ ಸಾಬೀತು ಬೇಕಿಲ್ಲ. ಎಲ್ಲರಿಗೂ ತಿಳಿದ ವ್ಯವಹಾರಕ್ರಮವೇ ಅದಕ್ಕೆ ಸಾಕು.

ಆ ಕ್ರಮವನ್ನು ಹತ್ತಿರದಿಂದ ನೋಡೋಣ. ತಿಂಗಳ ಸಂಬಳದಲ್ಲಿ ಮನೆಬಾಡಿಗೆ, ದಿನಸಿ, ಶಾಲೆಯ ಫೀಸುಗಳನ್ನು ಹೇಗೋ ಸರಿದೂಗಿಸುತ್ತಿರುವ ಒಂದು ಸಂಸಾರದ ಮನೆಗೆ ಸಂಸ್ಥೆಯ ಮಾರಾಟಗಾರನು ಬರುತ್ತಾನೆ. ಆತನೂ ಆಗತಾನೆ ಪದವಿ ಮುಗಿಸಿದ ಹುಡುಗನೇ. ವಾರದ ಟಾರ್ಗೆಟ್ ತಪ್ಪಿದರೆ ಕೆಲಸ ಉಳಿಯದೆಂಬ ಭೀತಿ ಆತನ ಬೆನ್ನ ಹಿಂದಿದೆ. ಈ ಕೋರ್ಸು ಇಲ್ಲದಿದ್ದರೆ ನಿಮ್ಮ ಮಗು ಉಳಿದ ಮಕ್ಕಳಿಗಿಂತ ಹಿಂದೆ ಬೀಳುತ್ತದೆಂಬ ಆತಂಕವನ್ನು ತಂದೆತಾಯಿಗಳ ಮನಸ್ಸಿನಲ್ಲಿ ಬಿತ್ತಿದ ಮೇಲೆ, ಹಣವಿಲ್ಲವೆಂಬ ಮಾತಿಗೂ ಆತನಲ್ಲಿ ಉತ್ತರ ಸಿದ್ಧವಾಗಿದೆ: ಇಎಂಐ ಮಾಡಿಕೊಡುತ್ತೇವೆ. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳನ್ನು ಕೊಟ್ಟು, ಮೊಬೈಲಿಗೆ ಬಂದ ಒಟಿಪಿಯನ್ನು ಹೇಳುವಷ್ಟರಲ್ಲಿ ತಂದೆಯು ತಾನು ಹೆಸರನ್ನೂ ಕೇಳದ ಒಂದು ಹಣಕಾಸು ಕಂಪನಿಗೆ ಸಾಲಗಾರನಾಗಿರುತ್ತಾನೆ. ಕೋರ್ಸಿನ ಹಣ ಒಟ್ಟಾಗಿ ಸಂಸ್ಥೆಯ ಕೈಸೇರುತ್ತದೆ, ಕಂತು ಮಾತ್ರ ಪ್ರತಿ ತಿಂಗಳೂ ಆತನ ಖಾತೆಯಿಂದ ಕಡಿತವಾಗುತ್ತದೆ. ಮಗುವಿಗೆ ಪಾಠ ಹಿಡಿಸದೆ ಟ್ಯಾಬ್ಲೆಟ್ಟು ಮೂಲೆ ಸೇರಿದರೂ ಕಂತು ನಿಲ್ಲುವುದಿಲ್ಲ. ಹಣ ಹಿಂದಿರುಗಿಸಿರೆಂದು ಅಲೆದು ಸೋತ ಪೋಷಕರ ದೂರುಗಳು ಆ ವರ್ಷಗಳಲ್ಲಿ ಪತ್ರಿಕೆಗಳಲ್ಲಿಯೂ ಗ್ರಾಹಕ ವೇದಿಕೆಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಂಡವು.

2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಈ ಮಾರಾಟದ ರೀತಿಯನ್ನು ಕುರಿತು ಸಂಸ್ಥೆಯ ಮುಖ್ಯಸ್ಥರಿಗೆ ಸಮನ್ಸ್ ಕಳುಹಿಸಿತು. ಅದಾದ ಕೆಲವೇ ವಾರಗಳಲ್ಲಿ, ಮನೆಗಳಿಗೆ ಹೋಗಿ ಮಾರುವುದನ್ನು ನಿಲ್ಲಿಸಲಾಗಿದೆಯೆಂದೂ, ತಿಂಗಳಿಗೆ 25,000 ರೂಪಾಯಿಗಳಿಗಿಂತ ಕಡಮೆ ಆದಾಯವುಳ್ಳ ಕುಟುಂಬಗಳಿಗೆ ಕೋರ್ಸುಗಳನ್ನು ಮಾರುವುದಿಲ್ಲವೆಂದೂ ಸಂಸ್ಥೆಯು ತಿಳಿಸಿತು. ಒಳ್ಳೆಯ ಕ್ರಮವೇ ಸರಿ. ಆದರೆ ಓದುಗರು ಇಲ್ಲಿ ಒಂದು ಅಂಶವನ್ನು ಪರ್ಯಾಲೋಚಿಸಬೇಕು. ಇಂಥ ದುರ್ನಡತೆಗಳೆಲ್ಲ ಕೆಳಗಿನ ಕೆಲವರು ತಮ್ಮಷ್ಟಕ್ಕೆ ತಾವು ಮಾಡಿದ ಅಪವಾದಗಳೆಂಬುದೇ ಸಂಸ್ಥೆಗಳು ಸಾಮಾನ್ಯವಾಗಿ ಕೊಡುವ ಸಮಾಧಾನವಾಗಿದೆ. ಮೇಲಿನಿಂದ ಬಂದ ಒಂದು ತೀರ್ಮಾನದಿಂದ ಮಾರಾಟದ ಪದ್ಧತಿಯೆಲ್ಲ ಬದಲಾಗಬಹುದಾಗಿದ್ದರೆ, ಅದು ಮೇಲಿನವರ ಹಿಡಿತದಲ್ಲಿಯೇ ನಡೆಯುತ್ತಿತ್ತೆಂದಾಯಿತು. ಬಡ ಸಂಸಾರಕ್ಕೆ ಸಾಲ ಹೊರಿಸಬಾರದೆಂಬ ಮಿತಿಯನ್ನು 2023ರಲ್ಲಿ ಹಾಕಬಲ್ಲವರು ಅದನ್ನು 2019ರಲ್ಲಿಯೂ ಹಾಕಬಹುದಾಗಿತ್ತು. ಹಾಕಲಿಲ್ಲವೇಕೆಂದರೆ ಬೆಳವಣಿಗೆಯ ಸಂಖ್ಯೆ ಆ ಸಂಸಾರಗಳನ್ನೂ ಬೇಡುತ್ತಿತ್ತು.

ಮನೆಯ ಜಗಲಿಯಲ್ಲಿ ಆರಂಭವಾದ ಅವಸರವು ಲೆಕ್ಕದ ಪುಸ್ತಕದವರೆಗೂ ಹರಿಯಿತು. ಮೂರು ವರ್ಷಗಳ ಕೋರ್ಸಿಗೆ 60,000 ರೂಪಾಯಿ ಪಡೆದ ಸಂಸ್ಥೆಯೊಂದು, ವರ್ಷಕ್ಕೆ 20,000ದಂತೆ ಪಾಠ ನಡೆದಷ್ಟಕ್ಕೆ ಮಾತ್ರ ಆದಾಯವೆಂದು ಬರೆದುಕೊಳ್ಳಬೇಕಾದುದು ನ್ಯಾಯ. ಮೊದಲ ತಿಂಗಳಲ್ಲಿಯೇ ಪೂರ್ತಿ 60,000ವನ್ನು ಬರೆದುಕೊಂಡರೆ ಇನ್ನೂ ಹೇಳಿಕೊಡದ ಪಾಠವನ್ನು ಇಂದಿನ ಸಂಪಾದನೆಯೆಂದು ತೋರಿಸಿದಂತಾಗುತ್ತದೆ. ಬೈಜೂಸಿನ 2020-21ರ ಲೆಕ್ಕಪತ್ರಗಳು, ವರ್ಷ ಮುಗಿದು ಸುಮಾರು ಒಂದೂವರೆ ವರ್ಷವಾದ ಮೇಲೆ, 2022ರ ಸೆಪ್ಟೆಂಬರಿನಲ್ಲಿ ಹೊರಬಿದ್ದಾಗ, ಆಡಿಟರುಗಳ ತಗಾದೆಯಿಂದ ಆದಾಯದ ಒಂದು ದೊಡ್ಡ ಭಾಗವನ್ನು ಮುಂದಿನ ವರ್ಷಗಳಿಗೆ ತಳ್ಳಬೇಕಾಗಿ ಬಂದು, 4,588 ಕೋಟಿ ರೂಪಾಯಿಗಳ ನಷ್ಟ ಪ್ರಕಟವಾಯಿತು. ಮುಂದಿನ ತಿಂಗಳು 2,500 ಮಂದಿ ನೌಕರರನ್ನು ಕೆಲಸದಿಂದ ತೆಗೆಯುವುದಾಗಿ ಸಂಸ್ಥೆಯು ಹೇಳಿತು. ಅದರ ಮುಂದಿನ ತಿಂಗಳು ಲಿಯೊನೆಲ್ ಮೆಸ್ಸಿಯನ್ನು ತನ್ನ ರಾಯಭಾರಿಯೆಂದು ಘೋಷಿಸಿತು. ಯಾವುದಕ್ಕೆ ಹಣವಿದೆ, ಯಾವುದಕ್ಕೆ ಇಲ್ಲ ಎಂಬುದೂ ಧರ್ಮನಿರ್ಣಯವೇ ಆಗಿದೆ.

ಇದು ನಮ್ಮೂರಿನ ಒಂದೇ ಸಂಸ್ಥೆಯ ರೋಗವಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಪ್ರತಿಯೊಂದು ಕುಟುಂಬಕ್ಕೂ ಎಂಟು ಖಾತೆ, ಸೇವೆಗಳನ್ನು ಮಾರಬೇಕೆಂದು ತನ್ನ ಶಾಖೆಗಳಿಗೆ ಗುರಿ ವಿಧಿಸಿತ್ತು. ಗ್ರಾಹಕರ ಅನುಮತಿಯಿಲ್ಲದೆ ಸುಮಾರು 20 ಲಕ್ಷ ಖಾತೆಗಳು ತೆರೆಯಲ್ಪಟ್ಟಿರಬಹುದೆಂದು 2016ರ ಸೆಪ್ಟೆಂಬರಿನಲ್ಲಿ ಬಯಲಾದಾಗ, ಅದಕ್ಕೆ ಹಿಂದಿನ ವರ್ಷಗಳಲ್ಲಿ ಸುಮಾರು 5,300 ಮಂದಿ ನೌಕರರನ್ನು ಇದೇ ಕಾರಣಕ್ಕಾಗಿ ಮನೆಗೆ ಕಳುಹಿಸಿದ್ದ ಬ್ಯಾಂಕು ತಪ್ಪು ಅವರದೇ ಎಂಬಂತೆ ಮಾತನಾಡಿತು. ಐದು ಸಾವಿರ ಮಂದಿ ಒಂದೇ ಬಗೆಯ ತಪ್ಪನ್ನು ಮಾಡುವುದು ಆಕಸ್ಮಿಕವೆಂದು ನಂಬುವುದಾದರೂ ಹೇಗೆ? ಕಡೆಗೆ ಮುಖ್ಯಾಧಿಕಾರಿ ಜಾನ್ ಸ್ಟಂಫ್ ಅವರೂ ಸ್ಥಾನ ಬಿಡಬೇಕಾಯಿತು. 2020ರಲ್ಲಿ ಬ್ಯಾಂಕು 300 ಕೋಟಿ ಡಾಲರುಗಳನ್ನು ತೆತ್ತು ರಾಜಿಯಾಗಬೇಕಾಯಿತು. ನಮ್ಮ ನೆರೆಯ ಹೈದರಾಬಾದಿನ ಸತ್ಯಂ ಸಂಸ್ಥೆಯ ರಾಮಲಿಂಗ ರಾಜು ಅವರು 2009ರ ಜನವರಿ 7ರ ತಮ್ಮ ತಪ್ಪೊಪ್ಪಿಗೆಯ ಪತ್ರದಲ್ಲಿ ತಿಳಿಸಿದ್ದೂ ಇಂಥದನ್ನೇ: ಲಾಭದ ಲೆಕ್ಕದಲ್ಲಿ ಮೊದಲು ಅಲ್ಪವಾಗಿದ್ದ ಅಂತರವೊಂದು ವರ್ಷದಿಂದ ವರ್ಷಕ್ಕೆ ಬೆಳೆದು, ಇಲ್ಲದ 5,040 ಕೋಟಿ ರೂಪಾಯಿ ನಗದನ್ನು ಇದೆಯೆಂದು ತೋರಿಸುವಲ್ಲಿಗೆ ಬಂದು ನಿಂತಿತ್ತು. ಮೊದಲ ಅಲ್ಪ ಅಂತರವನ್ನು ಒಪ್ಪಿಕೊಳ್ಳುವ ಧೈರ್ಯವಿದ್ದಿದ್ದರೆ ಆ ಪತ್ರವನ್ನು ಬರೆಯಬೇಕಾಗುತ್ತಿರಲಿಲ್ಲ.

ಹೊಸ ಉದ್ಯಮಕ್ಕೆ ವೇಗವೇ ಪ್ರಾಣ, ಹೆಜ್ಜೆಹೆಜ್ಜೆಗೂ ನೀತಿಯ ತಕ್ಕಡಿ ಹಿಡಿದರೆ ಪರದೇಶದ ಪ್ರತಿಸ್ಪರ್ಧಿಗಳು ಮುಂದೆ ಹೋಗುತ್ತಾರೆ, ಸಾವಿರಾರು ಯುವಕರಿಗೆ ಉದ್ಯೋಗ ಕೊಟ್ಟವರನ್ನು ಹೀಗೆ ಹಳಿಯಬಾರದು ಎಂದು ಹೇಳುವವರಿದ್ದಾರೆ. ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಸೋಲಬಹುದಾದ ಪ್ರಯೋಗಕ್ಕೆ ಕೈಹಾಕುವವರು ನಮಗೆ ಬೇಕು. ಪ್ರಾಮಾಣಿಕವಾಗಿ ಸೋತವನನ್ನು ಸಮಾಜವು ಗೌರವಿಸಬೇಕು. ಆದರೆ ಯಾರ ಹಣವನ್ನು, ಯಾರ ತಿಳಿವಳಿಕೆಯಿಂದ ಪಣಕ್ಕೆ ಒಡ್ಡಲಾಗಿದೆ ಎಂಬುದೇ ಸಾಹಸಕ್ಕೂ ಅನ್ಯಾಯಕ್ಕೂ ಇರುವ ಗಡಿ. ಬಂಡವಾಳ ಹೂಡುವಾತನು ನಷ್ಟದ ಸಾಧ್ಯತೆಯನ್ನು ಅರಿತೇ ಹೂಡುತ್ತಾನೆ. ಮಗುವಿನ ವಿದ್ಯೆಗೆಂದು ಕಂತು ಕಟ್ಟುವ ತಾಯಿಯು ಯಾರ ಸಾಹಸದಲ್ಲಿಯೂ ಪಾಲುದಾರಳಾಗುವುದಕ್ಕೆ ಸಮ್ಮತಿಸಿರುವುದಿಲ್ಲ. ಇನ್ನು ಉದ್ಯೋಗದ ಮಾತು: ಟಾರ್ಗೆಟ್ಟಿಗಾಗಿ ದುಡಿಸಿಕೊಂಡು ತಿರುವು ಬಂದಾಗ ಮೊದಲು ಮನೆಗೆ ಕಳುಹಿಸಿದ್ದು ಆ ಯುವಕರನ್ನೇ ಅಲ್ಲವೆ?

ಬಂಡವಾಳಿಗರ ಹೊಣೆಯನ್ನು ಇಲ್ಲಿ ಮುಚ್ಚಿಡಬಾರದು. 2023ರ ಜೂನಿನಲ್ಲಿ ಡೆಲಾಯ್ಟ್ ಸಂಸ್ಥೆಯು ಲೆಕ್ಕಪತ್ರಗಳು ಕೈಗೆ ಬರಲಿಲ್ಲವೆಂದು ಹೇಳಿ ಆಡಿಟರ್ ಸ್ಥಾನವನ್ನು ತೊರೆಯಿತು. ಮುಖ್ಯ ಹೂಡಿಕೆದಾರರ ಮೂವರು ಪ್ರತಿನಿಧಿಗಳೂ ಅದೇ ಸಮಯಕ್ಕೆ ಆಡಳಿತ ಮಂಡಲಿಯಿಂದ ಹೊರನಡೆದರು. ಸಂಸ್ಥೆ ಬೆಳೆದಷ್ಟು ಅದರ ಆಡಳಿತವ್ಯವಸ್ಥೆ ಬೆಳೆಯಲಿಲ್ಲವೆಂದು ಆ ಹೂಡಿಕೆದಾರರಲ್ಲೊಂದಾದ ಪ್ರೋಸಸ್ ಕಂಪನಿಯು ಆಮೇಲೆ ಹೇಳಿತು. ಮೌಲ್ಯ ಏರುತ್ತಿದ್ದ ಕಾಲದಲ್ಲಿ ಅದೇ ಮೇಜಿನ ಸುತ್ತ ಕುಳಿತವರು ಈ ಹೂಡಿಕೆದಾರರೇ. ಒಂದು ವರ್ಷದ ಲೆಕ್ಕ ಅಷ್ಟೊಂದು ತಡವಾದಾಗಲೇ ಈ ಮಾತನ್ನು ಗಟ್ಟಿಯಾಗಿ ಎಲ್ಲರೂ ಕೇಳುವಂತೆ ಹೇಳತಕ್ಕದ್ದಾಗಿತ್ತು. ಪಾಲುದಾರರ ಹೊಣೆಯ ಈ ವಿಚಾರ ನಮಗೆ ಹೊಸದಲ್ಲ. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದಾಗ, ವರ್ತಕರು ಕೂಡಿ ನಡೆಸುವ ವ್ಯಾಪಾರದ ವಿಚಾರದಲ್ಲಿ ಯಾಜ್ಞವಲ್ಕ್ಯಸ್ಮೃತಿಯ ವಿಧಿಗಳನ್ನು ವ್ಯಾಖ್ಯಾನಿಸಿದನು: ಯಾವ ಪಾಲುದಾರನ ಅಲಕ್ಷ್ಯದಿಂದ ನಷ್ಟವಾಯಿತೋ ಆತನೇ ಅದನ್ನು ತುಂಬಿಕೊಡಬೇಕು, ಕಪಟಿಯಾದವನನ್ನು ಲಾಭವಿಲ್ಲದಂತೆ ಹೊರಹಾಕಬೇಕು. ಒಂಬೈನೂರು ವರ್ಷಗಳ ಹಿಂದೆ ಕನ್ನಡನಾಡಿನಲ್ಲಿ ವಿವೇಚಿಸಲ್ಪಟ್ಟ ಈ ತತ್ತ್ವವನ್ನು ಪಾಲಿಸುವುದು ಇಂದಿನ ಹೂಡಿಕೆದಾರರಿಗೆ ಕಷ್ಟವೇ?

2013ರ ಕಂಪನಿ ಕಾಯಿದೆಯ 166ನೆಯ ಸೆಕ್ಷನ್ನು, ನಿರ್ದೇಶಕರು ಷೇರುದಾರರ ಹಿತವನ್ನು ಮಾತ್ರವಲ್ಲದೆ ನೌಕರರ, ಸಮುದಾಯದ, ಪರಿಸರದ ಹಿತವನ್ನೂ ಕಾಯಬೇಕೆಂದು ವಿಧಿಸುತ್ತದೆ. ಆದರೆ ಸ್ವತಂತ್ರ ನಿರ್ದೇಶಕರು ಇರಲೇಬೇಕೆಂಬ 149ನೆಯ ಸೆಕ್ಷನ್ನಿನ ನಿಯಮವು ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಿಗೂ ಕೆಲವು ಬಗೆಯ ಸಾರ್ವಜನಿಕ ಕಂಪನಿಗಳಿಗೂ ಅನ್ವಯಿಸುತ್ತದೆಯೇ ಹೊರತು, ಪ್ರೈವೇಟ್ ಲಿಮಿಟೆಡ್ ಎಂಬ ಹೆಸರಿನ ಕಂಪನಿಯು ಎಷ್ಟೇ ದೊಡ್ಡದಾದರೂ ಅದಕ್ಕೆ ತಗಲುವುದಿಲ್ಲ. ಲಕ್ಷಾಂತರ ಮನೆಗಳೊಡನೆ ಹಣದ ವ್ಯವಹಾರವುಳ್ಳ ಸಂಸ್ಥೆಯು ಮನೆಯವರೇ ನಡೆಸುವ ಸಣ್ಣ ಕಂಪನಿಯ ವಿನಾಯಿತಿಯನ್ನು ಅನುಭವಿಸುವುದು ಅಸಂಗತ.

ಆದಕಾರಣ ನಾನು ಬೇಡುವುದು ಮೂರು. ಕಂಪನಿಯ ಹೆಸರಿನ ಬಗೆಯನ್ನು ಬಿಟ್ಟು ಅದರ ಗಾತ್ರವನ್ನೂ ಸಾಲವನ್ನೂ ಗ್ರಾಹಕರ ಸಂಖ್ಯೆಯನ್ನೂ ನೋಡಿ ಸ್ವತಂತ್ರ ನಿರ್ದೇಶಕರನ್ನು ಕಾನೂನು ಕಡ್ಡಾಯಮಾಡಲಿ. ಮಾರಾಟದ ಗುರಿಯನ್ನು ಮಂಜೂರುಮಾಡುವ ಆಡಳಿತ ಮಂಡಲಿಯು, ಅದನ್ನು ಪ್ರಾಮಾಣಿಕವಾಗಿ ಮುಟ್ಟಬಹುದೆಂದು ತಾನು ಏಕೆ ನಂಬುತ್ತದೆಂಬುದನ್ನು ನಡವಳಿಗಳಲ್ಲಿ ಬರೆದಿಡಲಿ; ಗ್ರಾಹಕರ ದೂರುಗಳೂ ಮರುಪಾವತಿಯ ಬೇಡಿಕೆಗಳೂ ಆದಾಯದ ಅಂಕಿಗಳ ಪಕ್ಕದಲ್ಲಿಯೇ ಅದರ ಮುಂದೆ ಬರಲಿ. ವಂಚನೆಯಿಂದಾದ ಮಾರಾಟಕ್ಕಾಗಿ ಕೆಳಗಿನ ನೌಕರನನ್ನು ದಂಡಿಸುವ ಮೊದಲು, ಆ ಮಾರಾಟದಿಂದ ಬೋನಸ್ಸು ಪಡೆದ ಮೇಲಿನವರಿಂದ ಅದನ್ನು ಹಿಂದೆ ಪಡೆಯಲಿ. ಈ ಮೂರರಲ್ಲಿ ಯಾವುದೂ ಪ್ರಾಮಾಣಿಕ ಉದ್ಯಮಿಯ ವೇಗವನ್ನು ಕುಗ್ಗಿಸತಕ್ಕದ್ದಲ್ಲ. ಇವುಗಳಿಂದ ಕುಗ್ಗುವ ವೇಗವೇನಾದರೂ ಇದ್ದರೆ ಅದು ಇನ್ನೊಬ್ಬರ ಮನೆಯ ಹಣದ ಮೇಲೆ ಓಡುತ್ತಿದ್ದ ವೇಗ. ಅಂಥ ವೇಗವನ್ನು ಬೆಂಗಳೂರು ಬೆಳವಣಿಗೆಯೆಂದು ಇನ್ನು ಮುಂದೆ ಎಣಿಸಬಾರದು.